ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಬರೆದವರು

ಶಾಲೆಯಲ್ಲಿ ನಾವು ಓದಿದ ಚರಿತ್ರೆಯಲ್ಲಿ ರಾಜರಿದ್ದರು, ಯುದ್ಧಗಳಿದ್ದವು, ಇಸವಿಗಳಿದ್ದವು. ಒಬ್ಬ ಲೇಖಕಿ ಮನೆ ಬಾಡಿಗೆ ಕಟ್ಟಲು ಏನು ಕೆಲಸ ಮಾಡಿದರು, ಬರೆಯಲು ಯಾವ ಹೊತ್ತಿಗೆ ಏಳುತ್ತಿದ್ದರು ಎಂಬ ಸಂಗತಿ ಅದರಲ್ಲಿ ಬರಲಿಲ್ಲ. ಅಂಥದೊಂದು ಬದುಕನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ವೈಜ್ಞಾನಿಕ ಕಥೆಗಾರ್ತಿ ಆಕ್ಟೇವಿಯಾ ಬಟ್ಲರ್ ಅವರದು.

ಬಟ್ಲರ್ ಹುಟ್ಟಿದ್ದು 1947ರಲ್ಲಿ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಿನಲ್ಲಿ. ಕಪ್ಪು ಜನಾಂಗದ ಬಡ ಕುಟುಂಬ. ಬೂಟಿಗೆ ಪಾಲಿಶ್ ಹಾಕಿ ಬದುಕುತ್ತಿದ್ದ ತಂದೆ, ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡರು. ತಾಯಿ ಬಿಳಿಯರ ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದರು. ಆ ಮನೆಗಳಿಗೆ ಅವರು ಹಿಂಬಾಗಿಲಿನಿಂದಲೇ ಹೋಗಬೇಕಿತ್ತು. ಅಲ್ಲಿನವರು ಎದುರಿಗೇ ಹಗುರವಾಗಿ ಮಾತಾಡಿದರೂ ಕೇಳಿಸದವರಂತೆ ಇರಬೇಕಿತ್ತು. ಜೊತೆಗೆ ಹೋಗುತ್ತಿದ್ದ ಮಗಳು ಇದನ್ನೆಲ್ಲ ನೋಡಿ ನಾಚಿಕೆಪಟ್ಟಳು, ತಾಯಿಯ ಮೇಲೆ ಸಿಟ್ಟೂ ಮಾಡಿಕೊಂಡಳು. ಆ ಮನೆಗಳವರು ಬಿಸಾಡಿದ ಪುಸ್ತಕಗಳನ್ನು ಮಗಳಿಗೆಂದು ಹೊತ್ತು ತರುತ್ತಿದ್ದವರೂ ಅದೇ ತಾಯಿ.

ಹುಡುಗಿಗೆ ಡಿಸ್ಲೆಕ್ಸಿಯಾ ಇತ್ತು, ಅಂದರೆ ಅಕ್ಷರ ಗುರುತಿಸಿ ಓದುವುದೇ ಕಷ್ಟ. ಜೊತೆಗೆ ವಿಪರೀತ ಸಂಕೋಚ. ಆದರೂ ಊರಿನ ಗ್ರಂಥಾಲಯ ಬಿಡಲಿಲ್ಲ. ಹತ್ತನೇ ವಯಸ್ಸಿಗೆ ಕಾಡಿ ಬೇಡಿ ಒಂದು ಟೈಪ್‌ರೈಟರ್ ಕೊಡಿಸಿಕೊಂಡಳು. ಹನ್ನೆರಡರಲ್ಲಿ ಟಿವಿಯಲ್ಲಿ ಮಂಗಳ ಗ್ರಹದ ಹೆಣ್ಣೊಬ್ಬಳ ಕಳಪೆ ಸಿನಿಮಾ ನೋಡಿ, ಇದಕ್ಕಿಂತ ಚೆನ್ನಾಗಿ ನಾನೇ ಬರೆಯುತ್ತೇನೆ ಎಂದು ಕೂತಳು. (2021ರಲ್ಲಿ ನಾಸಾದ ಪರ್ಸಿವಿಯರೆನ್ಸ್ ನೌಕೆ ಮಂಗಳದ ಮೇಲೆ ಇಳಿದ ಜಾಗಕ್ಕೆ ಈಗ ಈಕೆಯದೇ ಹೆಸರಿದೆ.) ಕಪ್ಪು ಜನ ಲೇಖಕರಾಗಲು ಆಗುವುದಿಲ್ಲ ಎಂದು ಒಬ್ಬ ಬಂಧು ತಿಳಿಹೇಳಿದರು. ಆದರೆ ಶಾಲೆಯ ವಿಜ್ಞಾನ ಮೇಷ್ಟ್ರು ಅಳಿಸಿ ಅಳಿಸಿ ತೂತು ಬಿದ್ದಿದ್ದ ಅವಳ ಕಥೆಯನ್ನು ಕಾಗುಣಿತ ತಿದ್ದಿ, ತಾವೇ ಟೈಪ್ ಮಾಡಿಕೊಟ್ಟರು. ಆ ಕಥೆ ಪತ್ರಿಕೆಯಿಂದ ತಿರುಗಿ ಬಂತು, ನಿಜ. ಆದರೂ ಐವತ್ತು ವರ್ಷ ತುಂಬಿದ ಶಾಲೆಯ ಸಂಚಿಕೆಯಲ್ಲಿ ಆ ಮೇಷ್ಟ್ರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಹಗಲು ದುಡಿದು, ಸಂಜೆ ಕಾಲೇಜಿಗೆ ಹೋಗಿ ಬಟ್ಲರ್ 1968ರಲ್ಲಿ ಓದು ಮುಗಿಸಿದರು. ಕಾಲೇಜಿನ ಕಥಾಸ್ಪರ್ಧೆಯಲ್ಲಿ ಬಂದ 15 ಡಾಲರ್ ಬರವಣಿಗೆಯ ಮೊದಲ ಗಳಿಕೆ. 1970ರಲ್ಲಿ ಲೇಖಕ ಹಾರ್ಲನ್ ಎಲಿಸನ್ ಅವರ ಒತ್ತಾಸೆಯಿಂದ ಪೆನ್ಸಿಲ್ವೇನಿಯಾದ ಕ್ಲಾರಿಯನ್ ಕಥಾ ಶಿಬಿರಕ್ಕೆ ಹೋದರು. ಎರಡು ಕಥೆಗಳು ಮಾರಾಟವಾದವು. ಇನ್ನೇನು ದಾರಿ ಸಿಕ್ಕಿತು ಅನ್ನುವಾಗ, ಮುಂದಿನ ಐದು ವರ್ಷ ಒಂದೇ ಒಂದು ಕಥೆ ಮಾರಾಟವಾಗಲಿಲ್ಲ.

ಆ ಐದು ವರ್ಷ ಅವರು ಪಾತ್ರೆ ತೊಳೆದರು, ಗೋದಾಮಿನಲ್ಲಿ ದುಡಿದರು, ಫೋನಿನಲ್ಲಿ ಸಾಮಾನು ಮಾರಿದರು, ಆಲೂಗಡ್ಡೆ ಚಿಪ್ಸ್ ಕಾರ್ಖಾನೆಯಲ್ಲಿ ಚಿಪ್ಸ್ ಪರೀಕ್ಷಿಸಿದರು. ಮಗಳು ಕಚೇರಿಯಲ್ಲಿ ಕಾರ್ಯದರ್ಶಿಯಾಗಲಿ ಎಂಬುದು ತಾಯಿಯ ಆಸೆ. ಬಟ್ಲರ್ ಬೇಕೆಂದೇ ಕೂಲಿ ಕೆಲಸ ಹಿಡಿದರು, ಏಕೆಂದರೆ ಅದು ಮೈಯನ್ನು ದಣಿಸಿದರೂ ತಲೆಯನ್ನು ಕೇಳುತ್ತಿರಲಿಲ್ಲ. ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಬರೆದು, ಆಮೇಲೆ ಕೆಲಸಕ್ಕೆ ಹೊರಡುತ್ತಿದ್ದರು. ಕಾರು ಓಡಿಸುತ್ತಿರಲಿಲ್ಲ, ಓಡಾಟವೆಲ್ಲ ಬಸ್ಸಿನಲ್ಲೇ. ಸ್ಫೂರ್ತಿಗಿಂತ ಅಭ್ಯಾಸವನ್ನು ನಂಬಬೇಕು ಎಂದು ಅವರು ಮುಂದೆ ಬರೆದದ್ದು ಈ ಅನುಭವದಿಂದ.

ಮೊದಲ ಕಾದಂಬರಿ 1976ರಲ್ಲಿ ಬಂತು. ಆದರೆ ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ 1979ರ ‘ಕಿಂಡ್ರೆಡ್’. ಗುಲಾಮರಾಗಿ ತಲೆಬಾಗಿದ ಹಿರಿಯರ ಬಗ್ಗೆ ಕಾಲೇಜಿನ ಸಹಪಾಠಿಯೊಬ್ಬ ಕಡು ತಿರಸ್ಕಾರದಿಂದ ಮಾತಾಡಿದ್ದ. ಬಟ್ಲರಿಗೆ ತಾಯಿಯ ಹಿಂಬಾಗಿಲು ನೆನಪಿತ್ತು. ತಾಯಿ ಆ ಬಾಗಿಲಲ್ಲಿ ಹೋಗಿ ಬಂದದ್ದರಿಂದಲೇ ತಾನು ಉಂಡದ್ದು ಎಂಬುದೂ ಆ ಹೊತ್ತಿಗೆ ತಿಳಿದಿತ್ತು. 1976ರ ಲಾಸ್ ಏಂಜಲೀಸಿನ ಕಪ್ಪು ಹೆಣ್ಣುಮಗಳೊಬ್ಬಳು ಇದ್ದಕ್ಕಿದ್ದಂತೆ ಹತ್ತೊಂಬತ್ತನೇ ಶತಮಾನದ ಮೇರಿಲ್ಯಾಂಡಿಗೆ, ಗುಲಾಮರ ಕಾಲಕ್ಕೆ, ಸೆಳೆದುಕೊಂಡು ಹೋಗಿ ಬೀಳುತ್ತಾಳೆ. ಈಗಿನವರು ಅಲ್ಲಿ ಎಷ್ಟು ದಿನ ತಲೆಯೆತ್ತಿ ಬದುಕಿಯಾರು ಎಂಬುದೇ ಪ್ರಶ್ನೆ. ಆ ನಾಯಕಿಯೂ ಲೇಖಕಿಯಾಗಲು ಹೆಣಗುತ್ತ ಗೋದಾಮಿನಲ್ಲಿ ದಿನಗೂಲಿ ಮಾಡುವವಳು.

ಈ ಪುಸ್ತಕಕ್ಕಾಗಿ, ಮತ್ತೊಂದು ಕಾದಂಬರಿ ಮಾರಿದ ಹಣದಲ್ಲಿ ಬಸ್ಸು ಹತ್ತಿ ಮೇರಿಲ್ಯಾಂಡಿಗೆ ಹೋದರು. ಅಲ್ಲಿನ ಗ್ರಂಥಾಲಯಗಳಲ್ಲಿ ಕೂತು ಹಳೆಯ ದಾಖಲೆ ಓದಿದರು. ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ ಮನೆಯನ್ನೂ ನೋಡಿದರು. ಅಲ್ಲಿ ಮನೆ ತೋರಿಸುವವರು ಗುಲಾಮರು ಎನ್ನುತ್ತಿರಲಿಲ್ಲ, ಸೇವಕರು ಎನ್ನುತ್ತಿದ್ದರು. ಚರಿತ್ರೆ ಪಾಠ ಮಾಡುವವರು ಗಮನಿಸಬೇಕಾದ ವ್ಯತ್ಯಾಸ ಅದು.

ಆಮೇಲಿನದು ಬೇಗ ಹೇಳಬಹುದು. ಎಂಬತ್ತರ ದಶಕದಲ್ಲಿ ಹ್ಯೂಗೋ, ನೆಬ್ಯುಲಾ ಪ್ರಶಸ್ತಿಗಳು. 1995ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್, 2,95,000 ಡಾಲರ್. ವೈಜ್ಞಾನಿಕ ಕಥೆ ಬರೆಯುವವರಿಗೆ ಆ ಗೌರವ ಸಂದದ್ದು ಅದೇ ಮೊದಲು. 2006ರಲ್ಲಿ, 58ನೇ ವಯಸ್ಸಿಗೆ ತೀರಿಕೊಂಡರು.

ಅವರ ಟಿಪ್ಪಣಿ ಪುಸ್ತಕ, ಪತ್ರ, ಹಸ್ತಪ್ರತಿಗಳು, ಒಟ್ಟು 8,000ಕ್ಕೂ ಹೆಚ್ಚು, ಪ್ಯಾಸಡೀನಾದ ಪಕ್ಕದಲ್ಲೇ ಇರುವ ಹಂಟಿಂಗ್ಟನ್ ಗ್ರಂಥಾಲಯದಲ್ಲಿವೆ. 1988ರ ಒಂದು ನೋಟ್‌ಬುಕ್ಕಿನಲ್ಲಿ ತಮಗೆ ತಾವೇ ಬರೆದುಕೊಂಡ ಸಂಕಲ್ಪಗಳಿವೆ. ನನ್ನ ಪುಸ್ತಕಗಳು ಹೆಚ್ಚು ಮಾರಾಟವಾಗುವವುಗಳ ಪಟ್ಟಿಗೆ ಬರುತ್ತವೆ, ನಾನು ಬಡ ಕಪ್ಪು ಮಕ್ಕಳನ್ನು ಕ್ಲಾರಿಯನ್ನಿಗೆ ಕಳಿಸುತ್ತೇನೆ ಎಂಬುದು ಅವುಗಳ ಸಾರಾಂಶ. 1993ರ ಅವರ ಕಾದಂಬರಿ ‘ಪ್ಯಾರಬಲ್ ಆಫ್ ದಿ ಸೋವರ್’ ನ್ಯೂಯಾರ್ಕ್ ಟೈಮ್ಸ್ ಪಟ್ಟಿ ಸೇರಿದ್ದು 2020ರಲ್ಲಿ. ಅಷ್ಟರಲ್ಲಾಗಲೇ ಅವರ ಹೆಸರಿನ ವಿದ್ಯಾರ್ಥಿವೇತನದಲ್ಲಿ ಎಳೆಯ ಲೇಖಕರು ಕ್ಲಾರಿಯನ್ನಿಗೆ ಹೋಗಿ ಬರುತ್ತಿದ್ದರು.