ವರ್ಷ ಕಳೆದಂತೆ ಸವೆಯುವ ಮನೆ

ಬೆಂಗಳೂರಿನಲ್ಲಿ ‘ಮನೆ ಲೀಸಿಗಿದೆ’ ಎಂಬ ಬೋರ್ಡು ಕಂಡರೆ ಅದರ ಅರ್ಥ ಭೋಗ್ಯ. ಒಂದಷ್ಟು ಲಕ್ಷ ಕೊಟ್ಟು ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವುದು. ಲಂಡನ್ನಿನ ಲೀಸ್ ಬೇರೆಯೇ. ಅಲ್ಲಿ ಫ್ಲಾಟಿಗೆ ಪೂರ್ತಿ ಬೆಲೆ ಕೊಟ್ಟವರೂ ಸಾಮಾನ್ಯವಾಗಿ ಕೊಳ್ಳುವುದು ವರ್ಷಗಳನ್ನು: 99, 125, ಕೆಲವೊಮ್ಮೆ 999. ಅವಧಿ ಮುಗಿದರೆ ಫ್ಲಾಟಿನ ಒಡೆತನ ನೆಲದೊಡೆಯನಿಗೆ ಮರಳುತ್ತದೆ, ಕೊಟ್ಟ ಹಣ ಮರಳುವುದಿಲ್ಲ. ಅನುವಾದಕ್ಕೆ ಕೂತರೆ ಭೋಗ್ಯ ಹೊಂದುವುದಿಲ್ಲ, ಗೇಣಿಗೆ ಹೊಲದ ವಾಸನೆ. ಕೊನೆಗೆ ಗುತ್ತಿಗೆ ಎಂದೇ ಬರೆಯಬೇಕು.

ಈ ಗುತ್ತಿಗೆಯನ್ನು ವಿಸ್ತರಿಸಿಕೊಳ್ಳುವ ಹಕ್ಕಿನ ಚರಿತ್ರೆ ದಕ್ಷಿಣ ವೇಲ್ಸ್‌ನ ಕಲ್ಲಿದ್ದಲ ಕಣಿವೆಗಳಿಗೆ ಹೋಗುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಗಣಿ ಊರುಗಳು ಬೆಳೆದಾಗ ಅಲ್ಲಿನ ಜಮೀನುದಾರರು ನೆಲ ಮಾರದೆ 99 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಮನೆ ಕಟ್ಟಿದ್ದು, ಸೂರು ರಿಪೇರಿ ಮಾಡಿದ್ದು ಗುತ್ತಿಗೆದಾರರ ದುಡ್ಡಿನಲ್ಲಿ. 1950 ಮತ್ತು 60ರ ದಶಕಗಳಲ್ಲಿ ಆ ಅವಧಿಗಳು ಮುಗಿಯುತ್ತ ಬಂದವು. ಅಜ್ಜ ಕಟ್ಟಿಸಿದ ಮನೆ ಮೊಮ್ಮಗನ ಕೈ ತಪ್ಪುವ ಹೊತ್ತು ಬಂತು.

ನ್ಯಾಯವಾಗಿ ನೋಡಿದರೆ ನೆಲ ಜಮೀನುದಾರನದು, ಮನೆ ವಾಸವಿರುವವನದು ಎಂದು 1966ರಲ್ಲಿ ಹೆರಾಲ್ಡ್ ವಿಲ್ಸನ್ನರ ಲೇಬರ್ ಸರ್ಕಾರದ ಶ್ವೇತಪತ್ರ ಹೇಳಿತು. ಮರುವರ್ಷದ ಕಾಯ್ದೆ, ಷರತ್ತುಗಳಿಗೆ ಒಳಪಟ್ಟು, ಅಂಥ ಮನೆಯವರಿಗೆ ನೆಲ ಕೊಳ್ಳುವ ಇಲ್ಲವೇ ಗುತ್ತಿಗೆಯನ್ನು 50 ವರ್ಷ ವಿಸ್ತರಿಸುವ ಹಕ್ಕು ಕೊಟ್ಟಿತು. ಏಳು ವರ್ಷದ ಬಳಿಕ ಕರ್ನಾಟಕ ‘ಉಳುವವನೇ ಹೊಲದೊಡೆಯ’ ಎಂದದ್ದೂ ಇದೇ ಜಾತಿಯ ಮಾತು.

ಆದರೆ 1967ರ ಕಾಯ್ದೆ ಫ್ಲಾಟುಗಳನ್ನು ಹೊರಗಿಟ್ಟಿತು. ಒಂದರ ಮೇಲೊಂದು ಮನೆ ಇರುವಲ್ಲಿ ಯಾರ ಕಾಲ ಕೆಳಗಿನ ನೆಲ ಯಾರದು? ಇನ್ನೊಂದು ತೊಡಕೂ ಇತ್ತು. ಸೂರಿನ ರಿಪೇರಿಗೆ ಹಣ ಹಾಕುತ್ತೇನೆಂಬ ಕರಾರು, ಪೂರ್ಣ ಒಡೆತನದ ಆಸ್ತಿಯಲ್ಲಿ, ಮುಂದೆ ಕೊಳ್ಳುವವನನ್ನು ಕಟ್ಟಿಹಾಕುವುದಿಲ್ಲ ಎಂಬ ನಿಯಮವನ್ನು ಇಂಗ್ಲಿಷ್ ನ್ಯಾಯಾಲಯ 1885ರಲ್ಲೇ ಗಟ್ಟಿಮಾಡಿತ್ತು. ಗುತ್ತಿಗೆಯಲ್ಲಾದರೆ ಅಂಥ ಕರಾರು ಕೈ ಬದಲಾದರೂ ನಡೆಯುತ್ತದೆ. ಹಾಗಾಗಿ ಅಲ್ಲಿ ಫ್ಲಾಟು ಎಂದರೆ ಗುತ್ತಿಗೆ ಎಂದಾಯಿತು. ನಮ್ಮಲ್ಲಿ ಮುಂಬೈಯ ಸಹಕಾರಿ ಸೊಸೈಟಿಗಳು, 1970ರ ಮಹಾರಾಷ್ಟ್ರ ಮತ್ತು 1972ರ ಕರ್ನಾಟಕದ ಅಪಾರ್ಟ್‌ಮೆಂಟ್ ಕಾಯ್ದೆಗಳು ಇದೇ ತೊಡಕಿಗೆ ಬೇರೆ ದಾರಿ ಹುಡುಕಿದವು.

ಫ್ಲಾಟಿನವರು 26 ವರ್ಷ ಕಾದರು. 1993ರಲ್ಲಿ ಜಾನ್ ಮೇಜರ್ ಅವರ ಕನ್ಸರ್ವೇಟಿವ್ ಸರ್ಕಾರ, ಉಳಿದ ಅವಧಿಗೆ ಇನ್ನೂ 90 ವರ್ಷ ಸೇರಿಸಿಕೊಳ್ಳುವ ಹಕ್ಕು ಕೊಟ್ಟಿತು. ವಿಸ್ತರಿಸಿದ ಮೇಲೆ ನೆಲಬಾಡಿಗೆ ‘ಒಂದು ಕಾಳುಮೆಣಸು’, ಅಂದರೆ ಲೆಕ್ಕಕ್ಕೆ ಮಾತ್ರ, ಯಾರೂ ವಸೂಲಿಗೆ ಬರುವುದಿಲ್ಲ. ಲಂಡನ್ನಿನ ಮೇಫೇರ್, ಬೆಲ್‌ಗ್ರೇವಿಯಾಗಳಲ್ಲಿ ದೊಡ್ಡ ಎಸ್ಟೇಟಿನ ಒಡೆಯನಾದ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಇದನ್ನು ಪ್ರತಿಭಟಿಸಿ ಆ ಪಕ್ಷವನ್ನೇ ಬಿಟ್ಟ. ಅವನ ಎಸ್ಟೇಟಿನ ಟ್ರಸ್ಟಿಗಳು 1967ರ ಕಾಯ್ದೆಯ ವಿರುದ್ಧ ಹೂಡಿದ್ದ ಮೊಕದ್ದಮೆಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1986ರಲ್ಲೇ ತಳ್ಳಿಹಾಕಿತ್ತು.

ಹಕ್ಕು ಬಂತು, ಪುಕ್ಕಟೆಯಾಗಿ ಅಲ್ಲ. ಗುತ್ತಿಗೆ ಉದ್ದವಾದಾಗ ಫ್ಲಾಟಿನ ಬೆಲೆ ಏರುತ್ತದೆ. ಇಬ್ಬರ ಪಾಲು ಕೂಡಿದ್ದರಿಂದ ಹುಟ್ಟುವ ಹೆಚ್ಚುವರಿ ಬೆಲೆಗೆ ಕಾನೂನಿನ ಹೆಸರು ‘ಮದುವೆ ಮೌಲ್ಯ’. 2002ರ ಕಾಯ್ದೆ ಅದರಲ್ಲಿ ಅರ್ಧವನ್ನು ನೆಲದೊಡೆಯನಿಗೆ ಕೊಟ್ಟು, 80 ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಅದನ್ನು ಲೆಕ್ಕಕ್ಕೇ ತರಬಾರದೆಂದಿತು. ಅಂದಿನಿಂದ 80 ಎಂಬುದು ಅಲ್ಲಿ ಗಡಿರೇಖೆ. ಅದು ದಾಟಿ ಕೆಳಗಿಳಿದರೆ ವಿಸ್ತರಣೆಯ ಖರ್ಚು ಜಿಗಿಯುತ್ತದೆ. ಉಳಿದ ವರ್ಷ ತೀರ ಕಡಿಮೆಯಾದರೆ ಸಾಲ ಕೊಡುವವರೂ ಹಿಂಜರಿಯುತ್ತಾರೆ. ಕೊಳ್ಳುವವನು ಸಿಗದ ಮನೆಯಲ್ಲಿ ಒಡೆಯನೇ ಸಿಕ್ಕಿಬೀಳುತ್ತಾನೆ.

2024ರ ಮೇ ತಿಂಗಳಲ್ಲಿ ಮತ್ತೊಂದು ಕಾಯ್ದೆ ಬಂತು. ವಿಸ್ತರಣೆ 990 ವರ್ಷಕ್ಕೆ, ಮದುವೆ ಮೌಲ್ಯ ರದ್ದು ಎಂದು ಅದರಲ್ಲಿದೆ. ಆದರೆ ಅಂಗೀಕಾರವಾದ ದಿನವೇ ಇವು ಜಾರಿಗೆ ಬರಲಿಲ್ಲ. ಕಾದರೆ ಕಾನೂನು ಅಗ್ಗವಾದೀತು, ಕಾಯುವಷ್ಟರಲ್ಲಿ ವರ್ಷಗಳೂ ಸವೆದಾವು ಎಂಬ ಇಕ್ಕಟ್ಟು ಫ್ಲಾಟಿನವರ ಪಾಲಿಗೆ ಬಂತು.

50, 90, 990: ಅಂಕಿ ಬೆಳೆಯುತ್ತಲೇ ಬಂದಿದೆ. ಮನೆ ವಾಸವಿರುವವನದು ಎಂದು 1966ರಲ್ಲೇ ಒಪ್ಪಿದ್ದ ದೇಶ, ಫ್ಲಾಟಿನವನಿಗೆ ಆ ಮಾತನ್ನು ಇನ್ನೂ ಕಂತಿನಲ್ಲೇ ಕೊಡುತ್ತಿದೆ.