ಗುಳ್ಳೆ ಏಳುವ ಹೊಳೆ

1865ರ ಕ್ರಿಸ್‌ಮಸ್ ದಿನ ಅಮೆರಿಕದ ಷಿಕಾಗೊದಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಭಾರೀ ಜಾನುವಾರು ಮಾರುಕಟ್ಟೆ ಶುರುವಾಯಿತು. ದನ, ಹಂದಿ, ಕುರಿಗಳು ರೈಲಿನಲ್ಲಿ ಬಂದಿಳಿಯುತ್ತಿದ್ದವು. ಸುತ್ತ ಎದ್ದ ಕಾರ್ಖಾನೆಗಳು ಅವನ್ನು ಮಾಂಸ ಮಾಡಿ, ಮಂಜುಗಡ್ಡೆ ತುಂಬಿದ ರೈಲುಡಬ್ಬಿಗಳಲ್ಲಿ ಪೂರ್ವದ ನಗರಗಳಿಗೆ ಕಳಿಸತೊಡಗಿದವು.

ಏನನ್ನೂ ಪೋಲು ಮಾಡುವುದಿಲ್ಲ ಎಂಬುದು ಈ ಕಾರ್ಖಾನೆಗಳ ಹೆಮ್ಮೆ. ಹಂದಿಯ ಕಿರುಚಾಟವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾರಾಟವಾಗುತ್ತದೆ ಎಂಬ ಮಾತೇ ಇತ್ತು. ಕೊಬ್ಬು ಸಾಬೂನಾಯಿತು, ಮೂಳೆಯಿಂದ ಅಂಟು, ಗುಂಡಿ ಬಂದವು, ರಕ್ತ ಒಣಗಿ ಗೊಬ್ಬರವಾಯಿತು. ಇದು ನೆಲಜಲದ ಕಾಳಜಿಯಿಂದಲ್ಲ. ಕಸಕ್ಕೂ ಕಾಸು ಸಿಗುತ್ತಿತ್ತು, ಅಷ್ಟೆ.

ಕಾಸು ಹುಟ್ಟದ ಕಸ ಷಿಕಾಗೊ ನದಿಯ ಕವಲೊಂದಕ್ಕೆ ಸೇರಿತು. ತಳದಲ್ಲಿ ಕೊಳೆತದ್ದು ಅನಿಲವಾಗಿ ಮೇಲೆದ್ದು ನೀರೆಲ್ಲ ಗುಳ್ಳೆ. ಜನ ಅದನ್ನು 'ಬಬ್ಲಿ ಕ್ರೀಕ್' ಎಂದೇ ಕರೆದರು. ಅಪ್ಟನ್ ಸಿಂಕ್ಲೇರ್ 1906ರ ತನ್ನ 'ದಿ ಜಂಗಲ್' ಕಾದಂಬರಿಯಲ್ಲಿ ಅದನ್ನು ಬಣ್ಣಿಸಿದ. ಅದೇ ವರ್ಷ ಮಾಂಸ ತಪಾಸಣೆಯ ಕಾನೂನು ಬಂತು. ಅದು ಕಾಯಲು ಹೊರಟದ್ದು ತಿನ್ನುವವರ ಹೊಟ್ಟೆಯನ್ನು, ಹೊಳೆಯನ್ನಲ್ಲ. 1971ರಲ್ಲಿ ಯಾರ್ಡ್ಸ್ ಮುಚ್ಚಿತು. ಗುಳ್ಳೆಗಳು ಆಮೇಲೂ ಏಳುತ್ತಲೇ ಇದ್ದವು.

ಗೋಮಾಂಸದ ಉದ್ಯಮದ ಮೇಲೆ ಇಂದಿರುವ ದೊಡ್ಡ ದೂರು ದನದ ತೇಗಿನಲ್ಲಿ ಹೊರಬೀಳುವ ಮೀಥೇನ್ ಕುರಿತದ್ದು. ಭೂಮಿಯನ್ನು ಬಿಸಿಯಾಗಿಸುವ ಈ ಅನಿಲವೂ ಬಿಡುವವರಿಗೆ ಖರ್ಚಿಲ್ಲದ ಕಸವೇ. 2003ರಲ್ಲಿ ನ್ಯೂಜಿಲೆಂಡ್ ಸರ್ಕಾರ ಇದರ ಸಂಶೋಧನೆಗೆಂದು ಜಾನುವಾರುಗಳ ಮೇಲೆ ಕರ ಹಾಕಲು ಹೊರಟಿತು. ರೈತರು ತಿರುಗಿಬಿದ್ದ ಮೇಲೆ ಕೈಬಿಟ್ಟಿತು. ಹೊಳೆಯಲ್ಲಾದರೆ ಗುಳ್ಳೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಹೊಡೆಯುತ್ತಿತ್ತು. ಗಾಳಿಗೆ ಸೇರಿದ್ದಕ್ಕೆ ಆ ಸಾಕ್ಷಿಯೂ ಇಲ್ಲ.