ಟ್ಯಾಂಕ್: ಒಂದು ಪದ, ಹಲವು ಅರ್ಥ

ಬೇಸಿಗೆಯ ಒಂದು ಬೆಳಿಗ್ಗೆ ನೀವು ದಕ್ಷಿಣ ಬೆಂಗಳೂರಿನ ವಸಂತಪುರದಲ್ಲಿ ಇದ್ದೀರಿ ಎಂದಿಟ್ಟುಕೊಳ್ಳಿ. ಮನೆಗಳ ತಾರಸಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಟ್ಯಾಂಕುಗಳು ಕಾಣುತ್ತವೆ. ರಸ್ತೆಯಲ್ಲಿ ನೀರು ತುಳುಕಿಸುತ್ತಾ ಟ್ಯಾಂಕರ್ ಲಾರಿ ಸಾಗುತ್ತದೆ. ನೀವು ಬಂದ ಬೈಕಿನಲ್ಲಿ ಪೆಟ್ರೋಲ್ ಟ್ಯಾಂಕ್ ಇದೆ. ಒಳಚರಂಡಿ ಇಲ್ಲದ ಮನೆಯಾದರೆ ನೆಲದಡಿಯಲ್ಲಿ ಸೆಪ್ಟಿಕ್ ಟ್ಯಾಂಕ್ ಇದೆ. ಇಲ್ಲಿನ ವಸಂತವಲ್ಲಭರಾಯ ಸ್ವಾಮಿ ದೇವಾಲಯದ ಕಲ್ಯಾಣಿಯನ್ನು ಇಂಗ್ಲಿಷಿನಲ್ಲಿ ವರ್ಣಿಸುವವರು 'ಟೆಂಪಲ್ ಟ್ಯಾಂಕ್' ಎನ್ನುತ್ತಾರೆ. ಊರ ಕೆರೆಯೂ ಹಳೆಯ ಇಂಗ್ಲಿಷ್ ದಾಖಲೆಗಳ ಭಾಷೆಯಲ್ಲಿ ಟ್ಯಾಂಕ್. ಮನೆಯೊಳಗೆ ಬಂದು ಟಿ.ವಿ. ಹಾಕಿದರೆ, ಯಾವುದೋ ದೇಶದ ಗಡಿಯಲ್ಲಿ ಗುಂಡು ಹಾರಿಸುತ್ತಾ ಉರುಳುವ ಉಕ್ಕಿನ ವಾಹನವೂ ಟ್ಯಾಂಕೇ!

ಇಷ್ಟು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ಹೇಗೆ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಭಾರತದಿಂದ ಯೂರೋಪಿಗೂ ಅಲ್ಲಿಂದ ಮರಳಿ ನಮ್ಮ ತಾರಸಿಗೂ ಬಂದ ಒಂದು ಪದದ ಇತಿಹಾಸ ತೆರೆದುಕೊಳ್ಳುತ್ತದೆ. ಅದರ ಜೊತೆಗೆ ವಿಜ್ಞಾನ ಕಲಿಸುವವರು ಯೋಚಿಸಬೇಕಾದ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ: ವಸ್ತುವಿನ ಹೆಸರು ಬದಲಾದರೆ ಅದನ್ನು ನಾವು ನೋಡುವ ರೀತಿಯೂ ಬದಲಾಗುವುದೆ?

ಪದದ ಮೂಲ

ಇಂಗ್ಲಿಷಿಗೆ 'ಟ್ಯಾಂಕ್' ಪದ ಸೇರಿದ್ದು 17ನೇ ಶತಮಾನದ ಆರಂಭದಲ್ಲಿ, ಭಾರತದೊಡನೆ ವ್ಯಾಪಾರ ನಡೆಸುತ್ತಿದ್ದ ಇಂಗ್ಲಿಷರ ಬರಹಗಳ ಮೂಲಕ. ಅದರ ಮೂಲದ ಬಗ್ಗೆ ಎರಡು ವಾದಗಳಿವೆ. ಗುಜರಾತಿ ಮತ್ತು ಮರಾಠಿಯಲ್ಲಿ ನೀರು ಸಂಗ್ರಹಿಸುವ ತಾಣಕ್ಕೆ 'ಟಾಂಕು', 'ಟಾಂಕೆ' ಎಂಬ ಪದಗಳಿವೆ. ರಾಜಸ್ಥಾನದ ಮರುಭೂಮಿಯಲ್ಲಿ ಮಳೆನೀರನ್ನು ಕೂಡಿಡುವ ನೆಲದಡಿಯ ತೊಟ್ಟಿಗೆ ಇಂದಿಗೂ 'ಟಾಂಕಾ' ಎಂದೇ ಹೆಸರು. ಇದು ಒಂದು ವಾದ. ಪೋರ್ಚುಗೀಸ್ ಭಾಷೆಯಲ್ಲಿಯೂ ಕೊಳಕ್ಕೆ 'ಟಾಂಕೆ' ಎಂಬ ಪದವಿದೆ. ಹರಿವನ್ನು ತಡೆದು ನಿಲ್ಲಿಸು ಎಂಬ ಅರ್ಥದ ಕ್ರಿಯಾಪದದಿಂದ ಅದು ಬಂದಿದೆ. ಇದು ಇನ್ನೊಂದು ವಾದ. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದವರು. ಪಶ್ಚಿಮ ಕರಾವಳಿಯಲ್ಲಿ ಎರಡೂ ಪದಗಳು ಎದುರಾಗಿ ಒಂದನ್ನೊಂದು ಬಲಪಡಿಸಿರಬಹುದು ಎಂಬುದು ಹಲವು ನಿಘಂಟುಕಾರರ ಅಭಿಪ್ರಾಯ. 1886ರಲ್ಲಿ ಪ್ರಕಟವಾದ ಆಂಗ್ಲೋ-ಇಂಡಿಯನ್ ಪದಗಳ ಪ್ರಸಿದ್ಧ ನಿಘಂಟು 'ಹಾಬ್ಸನ್-ಜಾಬ್ಸನ್' ಕೂಡ ಈ ಪದವನ್ನು ಚರ್ಚಿಸಿದೆ.

ತಡೆದು ನಿಲ್ಲಿಸುವ ಈ ಅರ್ಥ ಕನ್ನಡಿಗರಿಗೆ ಹೊಸದಲ್ಲ. 'ಕಟ್ಟು' ಕ್ರಿಯೆಯಿಂದ ನಮ್ಮಲ್ಲಿ 'ಕಟ್ಟೆ' ಆಗಿದೆ. ಇಂಗ್ಲಿಷ್ ಪದವೊಂದಕ್ಕೆ ಪ್ರತಿಯಾಗಿ ನಮ್ಮಲ್ಲಿ ಕೆರೆ, ಕಟ್ಟೆ, ಕುಂಟೆ, ಕೊಳ, ಹೊಂಡ, ಕಲ್ಯಾಣಿ, ಗೋಕಟ್ಟೆ, ತೊಟ್ಟಿ ಎಂಬ ಸಾಲೇ ಇದೆ. ಗಾತ್ರ, ರಚನೆ, ಉಪಯೋಗ ಬೇರೆಯಾದಂತೆ ಹೆಸರೂ ಬೇರೆ. ವಸಂತಪುರದ ಸುತ್ತಲಿನ ಊರುಗಳನ್ನೇ ಗಮನಿಸಿ. ಕೋಣನಕುಂಟೆಯಲ್ಲಿ 'ಕುಂಟೆ' ಇದೆ. ದೊಡ್ಡಕಲ್ಲಸಂದ್ರದಂತಹ ಹೆಸರುಗಳ 'ಸಂದ್ರ' ಎಂಬುದು 'ಸಮುದ್ರ'ದ ಸವೆದ ರೂಪ ಎಂದು ಸ್ಥಳನಾಮಗಳ ಅಭ್ಯಾಸಿಗಳು ಹೇಳುತ್ತಾರೆ. ದೊಡ್ಡ ಕೆರೆಗಳಿಗೆ ಸಮುದ್ರ ಎಂದು ಹೆಸರಿಡುವುದು ನಮ್ಮಲ್ಲಿ ವಾಡಿಕೆಯಾಗಿತ್ತು. 2021ರಿಂದ ಇವೆರಡೂ ಮೆಟ್ರೊ ನಿಲ್ದಾಣಗಳ ಹೆಸರಿನಲ್ಲಿಯೂ ಸೇರಿವೆ. ರೈಲಿನಲ್ಲಿ ದಿನವೂ ಈ ಹೆಸರುಗಳನ್ನು ಕೇಳುವ ಎಷ್ಟು ಮಂದಿಗೆ ಅವುಗಳಲ್ಲಿರುವ ನೀರು ನೆನಪಾಗುತ್ತದೆ?

ಕೆರೆ 'ಟ್ಯಾಂಕ್' ಆದದ್ದು

ಮೈಸೂರು ಸೀಮೆಯ ಆಡಳಿತ ಬ್ರಿಟಿಷರ ಕೈ ಸೇರಿದ ಮೇಲೆ ಕಂದಾಯ ಮತ್ತು ಎಂಜಿನಿಯರಿಂಗ್ ದಾಖಲೆಗಳಲ್ಲಿ ಕೆರೆಗಳೆಲ್ಲ 'ಟ್ಯಾಂಕ್' ಆದವು. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1866ರಲ್ಲಿ ಒಂದು ಮಾತು ಬರೆದರು. ನೀರು ಕೂಡಿಡುವ ತತ್ತ್ವವನ್ನು ಈ ಸೀಮೆಯ ಜನ ಎಷ್ಟು ವ್ಯಾಪಕವಾಗಿ ಅನುಸರಿಸಿದ್ದಾರೆಂದರೆ, ಹೊಸ ಕೆರೆಗೆ ಜಾಗ ಹುಡುಕಲು ಜಾಣ್ಮೆಯೇ ಬೇಕಾದೀತು ಎಂಬುದು ಅದರ ಸಾರಾಂಶ. ಮುಂದೆ 1882ರಲ್ಲಿ ಅವರೇ ಬೆಂಗಳೂರಿನಲ್ಲಿ ಒಂದು ಕೆರೆ ಕಟ್ಟಿಸಿದರು. ಅದೇ ಇಂದಿನ ಸ್ಯಾಂಕಿ ಕೆರೆ, ಇಂಗ್ಲಿಷಿನಲ್ಲಿ 'ಸ್ಯಾಂಕಿ ಟ್ಯಾಂಕ್'.

ಕೆರೆ ಹೋದರೂ ಪದ ಉಳಿದ ಕಡೆಗಳುಂಟು. ಕೆಂಪೇಗೌಡರ ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಪಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆ ಮಾತ್ರ ಇದೆ. ಏರಿಗೆ ಹೇಳುವ ಈ 'ಬಂಡ್' ಕೂಡ ಪಾರ್ಸಿ ಮೂಲದ್ದು, ಹಿಂದಿಯ ಮೂಲಕ ಇಂಗ್ಲಿಷಿಗೆ ಹೋದದ್ದು.

ರಣರಂಗದಲ್ಲಿ ಟ್ಯಾಂಕ್

ಈಗ ಪದದ ಅತ್ಯಂತ ವಿಚಿತ್ರವಾದ ತಿರುವಿಗೆ ಬರೋಣ. ಮೊದಲ ಮಹಾಯುದ್ಧದಲ್ಲಿ ಕಂದಕ, ಮುಳ್ಳುತಂತಿ ಮತ್ತು ಮೆಷಿನ್ ಗನ್ನುಗಳ ಎದುರು ಸೈನ್ಯಗಳು ಮುಂದೆ ಸಾಗಲಾರದೆ ನಿಂತಿದ್ದವು. ಕಂದಕ ದಾಟಬಲ್ಲ ಕವಚದ ವಾಹನವೊಂದನ್ನು ರೂಪಿಸಲು ಬ್ರಿಟನ್ನಿನ ನೌಕಾ ಇಲಾಖೆ 1915ರ ಫೆಬ್ರುವರಿಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಇಲಾಖೆಯ ಮುಖ್ಯಸ್ಥರಾಗಿದ್ದವರು ವಿನ್‌ಸ್ಟನ್ ಚರ್ಚಿಲ್. ವಾಹನ ಸಿದ್ಧವಾದದ್ದು ಲಿಂಕನ್ ನಗರದ ಕಾರ್ಖಾನೆಯಲ್ಲಿ. ಇದರ ಗುಟ್ಟು ಶತ್ರುವಿಗೆ ತಿಳಿಯಬಾರದಲ್ಲವೆ? ನೋಡಲು ದೊಡ್ಡ ಲೋಹದ ತೊಟ್ಟಿಯಂತಿದ್ದುದರಿಂದ, ನೀರು ಸಾಗಿಸುವ ಸಾಧನವೆಂದು ನಂಬಿಸಬಹುದಾದ ಹೆಸರೊಂದನ್ನು ಹುಡುಕಿ, 1915ರ ಡಿಸೆಂಬರಿನಲ್ಲಿ 'ಟ್ಯಾಂಕ್' ಎಂದು ನಿರ್ಧರಿಸಿದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಟ್ಯಾಂಕುಗಳು ಮೊದಲ ಬಾರಿಗೆ ಕಾಣಿಸಿಕೊಂಡವು. ಗುಟ್ಟು ಬಯಲಾದರೂ ಗುಪ್ತನಾಮ ಉಳಿದುಕೊಂಡಿತು.

ಈ ಹೆಸರನ್ನು ಆರಿಸಿದವರಲ್ಲಿ ಪ್ರಮುಖರಾದ ಅರ್ನೆಸ್ಟ್ ಸ್ವಿಂಟನ್ ಹುಟ್ಟಿದ್ದು 1868ರಲ್ಲಿ, ಬೆಂಗಳೂರಿನಲ್ಲಿ! ಚರ್ಚಿಲ್ ಕೂಡ 1896ರಿಂದ ಕೆಲ ಕಾಲ ಬೆಂಗಳೂರು ದಂಡು ಪ್ರದೇಶದಲ್ಲಿ ಸೈನ್ಯಾಧಿಕಾರಿಯಾಗಿದ್ದವರು. ಹಾಗಾದರೆ ನಮ್ಮ ಕೆರೆಗಳೇ ಆ ಹೆಸರಿಗೆ ಪ್ರೇರಣೆಯೆ? ಹಾಗೆ ಹೇಳಲು ಆಧಾರವಿಲ್ಲ. ಅಷ್ಟು ಹೊತ್ತಿಗೆ ಲೋಹದ ತೊಟ್ಟಿಗೆ ಟ್ಯಾಂಕ್ ಎನ್ನುವುದು ಇಂಗ್ಲೆಂಡಿನಲ್ಲಿ ತೀರ ಸಾಮಾನ್ಯವಾಗಿತ್ತು. ಎರಡು ಸಂಗತಿಗಳು ಒಟ್ಟಿಗೆ ಕಂಡಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದೊಂದು ಒಳ್ಳೆಯ ಉದಾಹರಣೆ.

ಪ್ರಯೋಗಾಲಯದಲ್ಲಿ ಟ್ಯಾಂಕ್

ವಿಜ್ಞಾನ, ತಂತ್ರಜ್ಞಾನದಲ್ಲಿಯೂ ಈ ಪದ ಹಲವು ವೇಷ ಧರಿಸಿದೆ. ಅಲೆಗಳ ಪ್ರತಿಫಲನ, ವಿವರ್ತನೆಗಳನ್ನು ತೋರಿಸಲು ನೀವು ಬಳಸುವ ಗಾಜಿನ ತಳದ ಅಲೆತೊಟ್ಟಿ ಇಂಗ್ಲಿಷಿನಲ್ಲಿ 'ರಿಪಲ್ ಟ್ಯಾಂಕ್'. ತನಗೆ ಬೇಕಾದ ನೀರನ್ನು ತಾನೇ ಹೊತ್ತೊಯ್ಯುವ ಉಗಿಬಂಡಿ 'ಟ್ಯಾಂಕ್ ಎಂಜಿನ್'. ರೇಡಿಯೋದಲ್ಲಿ ಸುರುಳಿ ಮತ್ತು ಧಾರಕಗಳನ್ನು ಜೋಡಿಸಿದ ಮಂಡಲಕ್ಕೆ 'ಟ್ಯಾಂಕ್ ಸರ್ಕ್ಯೂಟ್' ಎಂದು ಹೆಸರು. ಅಲ್ಲಿ ನೀರಿಲ್ಲ, ಶಕ್ತಿ ಧಾರಕದ ವಿದ್ಯುತ್ ಕ್ಷೇತ್ರಕ್ಕೂ ಸುರುಳಿಯ ಕಾಂತಕ್ಷೇತ್ರಕ್ಕೂ ನಡುವೆ ಓಲಾಡುತ್ತಾ ಸಂಗ್ರಹವಾಗಿರುತ್ತದೆ. ಕೂಡಿಡುವ ಗುಣವೊಂದನ್ನೇ ಹಿಡಿದು ಪದ ಇಲ್ಲಿಗೆ ಜಿಗಿದಿದೆ.

ಇನ್ನು 'ಥಿಂಕ್ ಟ್ಯಾಂಕ್'. ಇದನ್ನು ಕನ್ನಡಕ್ಕೆ ತಂದವರು 'ಯೋಚನೆಯ ತೊಟ್ಟಿ' ಎನ್ನಲಿಲ್ಲ. 'ಚಿಂತಕರ ಚಾವಡಿ' ಎಂದರು. ಪದವನ್ನು ಬಿಟ್ಟು ವಸ್ತುವಿನ ಕೆಲಸವನ್ನು ಗಮನಿಸಿದ್ದರಿಂದ ಅನುವಾದ ಸೊಗಸಾಯಿತು. ಕೆರೆಯನ್ನು ಇಂಗ್ಲಿಷಿಗೆ ಒಯ್ದಾಗ ಆದದ್ದು ಇದಕ್ಕೆ ವಿರುದ್ಧ.

ಪಾತ್ರೆಯೆ, ವ್ಯವಸ್ಥೆಯೆ?

ತಾರಸಿಯ ಟ್ಯಾಂಕ್ ಒಂದು ಪಾತ್ರೆ. ನಾಲ್ಕೂ ಕಡೆ ಗೋಡೆ, ಮೇಲೆ ಮುಚ್ಚಳ. ಬೇರೆ ಕಡೆಯಿಂದ ನೀರು ತಂದು ತುಂಬಬೇಕು. ಕೆರೆ ಹಾಗಲ್ಲ. ಇಳಿಜಾರು ಕಣಿವೆಗೆ ಅಡ್ಡಲಾಗಿ ಒಂದೇ ಕಡೆ ಏರಿ ಹಾಕಿದರೆ ಕೆರೆಯಾಗುತ್ತದೆ. ಉಳಿದ ಕಡೆಗಳಲ್ಲಿ ನೆಲವೇ ಅದರ ಅಂಚು. ಮೇಲಿನ ಜಲಾನಯನ ಪ್ರದೇಶದ ಮಳೆನೀರು ಕಾಲುವೆಗಳಲ್ಲಿ ಹರಿದು ಬರುತ್ತದೆ. ತೂಬಿನಿಂದ ನೀರು ಅಚ್ಚುಕಟ್ಟಿನ ಗದ್ದೆಗೆ ಹೋಗುತ್ತದೆ. ಹೆಚ್ಚಾದದ್ದು ಕೋಡಿ ಹರಿದು ರಾಜಕಾಲುವೆಯ ಮೂಲಕ ಕೆಳಗಿನ ಕೆರೆ ಸೇರುತ್ತದೆ. ಒಂದಷ್ಟು ನೆಲದಲ್ಲಿ ಇಂಗಿ ಬಾವಿಗಳಿಗೆ ಆಸರೆಯಾಗುತ್ತದೆ. ಹೂಳು ಹೊಲಕ್ಕೆ ಗೊಬ್ಬರ. ನೀರು ಹಂಚಲು ನೀರುಗಂಟಿ ಎಂಬವನು ಬೇರೆ! ಅಂದರೆ ಕೆರೆ ಎಂಬುದು ನೀರು ನಿಂತ ಜಾಗವಷ್ಟೇ ಅಲ್ಲ, ಮೇಲಿನ ದಿಣ್ಣೆಯಿಂದ ಕೆಳಗಿನ ಗದ್ದೆಯವರೆಗಿನ ಒಂದು ವ್ಯವಸ್ಥೆ.

ಈ ವ್ಯತ್ಯಾಸ ಲೆಕ್ಕದಲ್ಲಿಯೂ ಕಾಣುತ್ತದೆ. 4 ಹೆಕ್ಟೇರ್ ವಿಸ್ತಾರದ, ಏರಿಯ ಬಳಿ 3 ಮೀಟರ್ ಆಳದ ಒಂದು ಕೆರೆಯನ್ನು ಕಲ್ಪಿಸಿಕೊಳ್ಳಿ. ಅದನ್ನು ಆಯತಾಕಾರದ ಟ್ಯಾಂಕ್ ಎಂದು ಭಾವಿಸಿದರೆ 40,000 × 3 = 1,20,000 ಘನ ಮೀಟರ್, ಅಂದರೆ 12 ಕೋಟಿ ಲೀಟರ್ ನೀರು. ಆದರೆ ಏರಿಯಿಂದ ದೂರ ಹೋದಂತೆ ಕೆರೆಯ ಆಳವೂ ಅಗಲವೂ ಕಡಿಮೆಯಾಗುತ್ತವೆ. ಅದು ಬೋರಲು ಹಾಕಿದ ಓರೆ ಪಿರಮಿಡ್ಡಿನಂತೆ ಇದೆ ಎಂದುಕೊಂಡರೆ ಘನಫಲ ಮೂರನೇ ಒಂದು ಭಾಗ ಮಾತ್ರ, 4 ಕೋಟಿ ಲೀಟರ್. ಟ್ಯಾಂಕ್ ಎಂಬ ಪದ ಮನಸ್ಸಿನಲ್ಲಿ ಮೂಡಿಸುವ ಆಕಾರವನ್ನು ನಂಬಿದರೆ ನಮ್ಮ ಅಂದಾಜು ಮೂರು ಪಟ್ಟು ತಪ್ಪಾಗುತ್ತದೆ!

4 ಕೋಟಿ ಲೀಟರ್ ಎಂದರೆ 6,000 ಲೀಟರಿನ ಸುಮಾರು 6,670 ಟ್ಯಾಂಕರುಗಳು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದಾಗ ಜಿಲ್ಲಾಡಳಿತವು 5 ಕಿಲೋಮೀಟರ್ ಒಳಗಿನ ಇಂತಹ ಒಂದು ಟ್ಯಾಂಕರಿಗೆ 600 ರೂಪಾಯಿ ದರ ನಿಗದಿಪಡಿಸಿತ್ತು. ಆ ಲೆಕ್ಕದಲ್ಲಿ ನಮ್ಮ ಕಲ್ಪನೆಯ ಪುಟ್ಟ ಕೆರೆ ಒಮ್ಮೆ ತುಂಬಿದರೆ ಅದರ ನೀರಿನ ಬೆಲೆ 40 ಲಕ್ಷ ರೂಪಾಯಿ.

ಕೆರೆಯನ್ನು ಪಾತ್ರೆ ಎಂದುಕೊಂಡರೆ ಪರಿಣಾಮವೇನು? ಅಂಗಳವನ್ನಷ್ಟೇ ಬೇಲಿ ಹಾಕಿ ಉಳಿಸಿ, ಕಾಲುವೆಗಳ ಮೇಲೆ ಕಟ್ಟಡ ಕಟ್ಟಬಹುದು ಎನಿಸುತ್ತದೆ. ಜೆ.ಪಿ. ನಗರದ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ನೋಡಿ. 2010ರಲ್ಲಿ ಸ್ಥಳೀಯರೇ ಟ್ರಸ್ಟ್ ಕಟ್ಟಿಕೊಂಡು ಅದರ ಆರೈಕೆಗೆ ನಿಂತರು. ಆದರೆ ಸುತ್ತಲೂ ಬಡಾವಣೆಗಳು ಬೆಳೆದು ಸಹಜ ಒಳಹರಿವು ಕುಗ್ಗಿತ್ತು. ಕೊನೆಗೆ ನೆರೆಯ ವಸತಿ ಸಮುಚ್ಚಯದ ಶುದ್ಧೀಕರಿಸಿದ ಬಳಕೆ ನೀರನ್ನು ಕೆರೆಗೆ ಬಿಡುವ ವ್ಯವಸ್ಥೆ ಮಾಡಬೇಕಾಯಿತು. ಅವರ ಶ್ರಮ ದೊಡ್ಡದು, ಕೆರೆಯೂ ಉಳಿಯಿತು. ಆದರೂ ತಾನೇ ತುಂಬಿಕೊಳ್ಳುತ್ತಿದ್ದ ಕೆರೆ ಇಂದು ನಾವು ತುಂಬಿಸಬೇಕಾದ ಟ್ಯಾಂಕ್ ಆಗಿದೆ ಎಂಬುದನ್ನು ಮರೆಯುವಂತಿಲ್ಲ.

ಹೆಸರಿನ ಗೊಂದಲ ಇಂಗ್ಲಿಷಿನಲ್ಲಿ ಇನ್ನೂ ಮುಗಿದಿಲ್ಲ. ಹಿಂದಿನ 'ಹಲಸೂರು ಟ್ಯಾಂಕ್' ಈಗ 'ಹಲಸೂರು ಲೇಕ್'. ಆದರೆ ಲೇಕ್ ಎಂದರೆ ಸಾಮಾನ್ಯವಾಗಿ ನೈಸರ್ಗಿಕ ಸರೋವರ. ಆ ಹೆಸರಿನಲ್ಲಿ ಕಟ್ಟಿದವರ ದುಡಿಮೆಯೂ ಕಾಯುವವರ ಹೊಣೆಯೂ ಮರೆಯಾಗುತ್ತವೆ. ಟ್ಯಾಂಕ್ ಎಂದರೆ ನೆಲದ ನಂಟು ಮರೆಯಾಗುತ್ತದೆ. 'ಕೆರೆ' ಎಂದಾಗ ಎರಡೂ ಉಳಿಯುತ್ತವೆ.

ತರಗತಿಯಲ್ಲಿ ಹೀಗೆ ಮಾಡಿ

ನಿಮ್ಮ ವಿದ್ಯಾರ್ಥಿಗಳಿಗೆ ಒಂದು ವಾರದ ಕೆಲಸ ಕೊಡಿ. ಮನೆ ಮತ್ತು ಬೀದಿಯಲ್ಲಿ 'ಟ್ಯಾಂಕ್' ಎಂದು ಕರೆಯುವ ವಸ್ತುಗಳನ್ನೆಲ್ಲ ಪಟ್ಟಿ ಮಾಡಲಿ. ಪ್ರತಿಯೊಂದರ ಎದುರಿಗೆ ನೀರೋ ಎಣ್ಣೆಯೋ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಬರೆಯಲಿ. ನಂತರ ಹತ್ತಿರದ ಕೆರೆಗೆ ಕರೆದೊಯ್ಯಿರಿ. ಏರಿ ಯಾವುದು, ಕೋಡಿ ಎಲ್ಲಿ, ನೀರು ತರುವ ಕಾಲುವೆ ಉಳಿದಿದೆಯೆ ಎಂದು ಹುಡುಕಲಿ. ಊರಿನ ಹಿರಿಯರನ್ನು ಕೇಳಿ ಕೆರೆಗೆ ಸಂಬಂಧಿಸಿದ ಪದಗಳನ್ನು ಸಂಗ್ರಹಿಸಲಿ. ತೂಬು, ಕೋಡಿ ಎಂಬ ಪದಗಳ ಅರ್ಥವನ್ನು ಮಕ್ಕಳು ಜಾಗ ತೋರಿಸಿ ವಿವರಿಸಬಲ್ಲರಾದರೆ, ಜಲಚಕ್ರದ ಪಾಠದ ಅರ್ಧ ಭಾಗ ಅಲ್ಲಿಯೇ ಮುಗಿದಂತೆ.